ಎಂಆರ್‌ಐಯಲ್ಲಿ ಕಾಣುವ ಕಪ್ಪು ಚುಕ್ಕೆಗಳೇ ಅಮೈಲಾಯ್ಡಾ?
ತಂದೆಯವರ ವರದಿಯಲ್ಲಿ ‘ಮೈಕ್ರೋಬ್ಲೀಡ್ಸ್ (ಸೂಕ್ಷ್ಮ ರಕ್ತಸ್ರಾವದ ಕಲೆಗಳು) ಇವೆ, ಅಮೈಲಾಯ್ಡ್ ಆಂಜಿಯೋಪತಿ ಇರಬಹುದು’ ಎಂದಿದೆ, ಆ ಚುಕ್ಕೆಗಳೇ ಅಮೈಲಾಯ್ಡಾ, ಪೆಟ್ ಸ್ಕ್ಯಾನ್ ಬೇಕಾ ಅಂತ ಕೇಳಿದ್ದೀರಿ. ನಾನು ರೇಡಿಯಾಲಜಿಸ್ಟ್, ಇಂಥ ವರದಿ ಬರೆಯುವುದೇ ನನ್ನ ಕೆಲಸ.

ಅಲ್ಲ. ಅಮೈಲಾಯ್ಡ್ ಪ್ರೋಟೀನ್ ಮಾಮೂಲಿ ಎಂಆರ್‌ಐಗೆ ಕಾಣುವುದೇ ಇಲ್ಲ. ಅದು ಮೆದುಳಿನ ಹೊರಪದರದ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಸೇರಿಕೊಂಡು ಗೋಡೆಯನ್ನು ದುರ್ಬಲ ಮಾಡುತ್ತದೆ, ಅಲ್ಲಲ್ಲಿ ರಕ್ತ ಜಿನುಗುತ್ತದೆ. ಇದೇ ಅಮೈಲಾಯ್ಡ್ ಆಂಜಿಯೋಪತಿ. ರಕ್ತ ಕರಗಿದರೂ ಅದರ ಕಬ್ಬಿಣದಂಶ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಕಬ್ಬಿಣ ಸುತ್ತಲಿನ ಕಾಂತಕ್ಷೇತ್ರವನ್ನು ಕದಡುವುದರಿಂದ, ಎಸ್‌ಡಬ್ಲ್ಯೂಐ ಎಂಬ ಎಂಆರ್‌ಐ ಚಿತ್ರಣ ವಿಧಾನದಲ್ಲಿ (ಸೀಕ್ವೆನ್ಸ್) ಕಾಗದದ ಮೇಲೆ ಶಾಯಿ ಹರಡಿದ ಹಾಗೆ, ಇರುವುದಕ್ಕಿಂತ ದೊಡ್ಡದಾಗಿ ಕಪ್ಪು ಚುಕ್ಕೆ ಮೂಡುತ್ತದೆ. ಸಿಟಿ ಸ್ಕ್ಯಾನ್‌ನಲ್ಲಿ ಇವು ಕಾಣುವುದಿಲ್ಲ. ಹಾಗಾಗಿ ‘ಮೊದಲು ಸಿಟಿ ನಾರ್ಮಲ್ ಇತ್ತಲ್ಲ’ ಅನ್ನುವುದಕ್ಕೆ ಇಲ್ಲಿ ಬೆಲೆಯಿಲ್ಲ.

ಎಷ್ಟು ಚುಕ್ಕೆ ಎನ್ನುವುದಕ್ಕಿಂತ ಎಲ್ಲಿವೆ ಎಂದು ನಾನು ಮೊದಲು ನೋಡುತ್ತೇನೆ. ಥಲಾಮಸ್, ಬೇಸಲ್ ಗ್ಯಾಂಗ್ಲಿಯಾ, ಮೆದುಳಿನ ಕಾಂಡದಂಥ ಒಳಭಾಗದಲ್ಲಿದ್ದರೆ ಸಾಮಾನ್ಯವಾಗಿ ಬಹುಕಾಲದ ಬಿಪಿಯ ಕೆಲಸ. ಹೊರಗಿನ ಹಾಲೆಗಳಲ್ಲಿ ಮಾತ್ರ ಇದ್ದು, ವಯಸ್ಸು 50 ದಾಟಿದ್ದರೆ ಅಮೈಲಾಯ್ಡ್ ಅನುಮಾನ ಬಲವಾಗುತ್ತದೆ. ಈ ಕಾಯಿಲೆ ಗುರುತಿಸಲು ವೈದ್ಯರು ಬಳಸುವ 2022ರ ಬಾಸ್ಟನ್ ಮಾನದಂಡಗಳ ತಿರುಳೂ ಇದೇ. ಅಡ್ಡಕ್ಕೆ ಕತ್ತರಿಸಿದ ಅಭಿಧಮನಿಯೂ ಚುಕ್ಕೆಯಂತೆಯೇ ಕಾಣುತ್ತದೆ. ಮೇಲಿನ, ಕೆಳಗಿನ ಚಿತ್ರಗಳಿಗೆ ಸರಿದಾಗ ಅದು ಗೆರೆಯಾಗಿ ಮುಂದುವರಿದರೆ ರಕ್ತನಾಳ, ಅಲ್ಲಿಗೇ ಮುಗಿದರೆ ಬಹುಶಃ ಮೈಕ್ರೋಬ್ಲೀಡ್. ನನಗೆ ಚುಕ್ಕೆಗಳಿಗಿಂತ ಹೆಚ್ಚು ಚಿಂತೆ ಹಚ್ಚುವುದು ಮೆದುಳಿನ ಮಡಿಕೆಗಳ ಅಂಚಿನಲ್ಲಿ ಹರಿಯುವ ಕಪ್ಪು ಗೆರೆ, ಅಂದರೆ ಸೂಪರ್‌ಫಿಶಿಯಲ್ ಸಿಡೆರೋಸಿಸ್. ಅದಿದ್ದವರಲ್ಲಿ ಮುಂದೆ ದೊಡ್ಡ ರಕ್ತಸ್ರಾವದ ಅಪಾಯ ಜಾಸ್ತಿ. ವರದಿಯಲ್ಲಿ ಆ ಪದ ಇದೆಯೇ ಹುಡುಕಿ.

ಪೆಟ್ ಅಮೈಲಾಯ್ಡನ್ನು ತೋರಿಸುತ್ತದೆ, ನಿಜ. ಆದರೆ ಅದು ನಾಳದ ಗೋಡೆಯಲ್ಲಿದೆಯೋ, ಅಲ್ಜೈಮರ್‌ನಲ್ಲಿರುವಂತೆ ನರಕೋಶಗಳ ನಡುವೆ ಗಡ್ಡೆಗಟ್ಟಿದೆಯೋ ಎಂದು ಸರಿಯಾಗಿ ಬೇರ್ಪಡಿಸಲಾರದು. ಮರೆವೇ ಇಲ್ಲದ ವಯಸ್ಸಾದವರಲ್ಲೂ ಪಾಸಿಟಿವ್ ಬರುವುದುಂಟು. ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದಾದರೆ ಮಾತ್ರ ಮಾಡಿಸಿ.

ಚಿಕಿತ್ಸೆ ಬದಲಾಗುವ ಜಾಗಗಳೂ ಇವೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನರರೋಗ ತಜ್ಞರಿಗೆ ತಪ್ಪದೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಅಲ್ಜೈಮರ್‌ಗೆ ಕೊಡುವ ಲೆಕಾನೆಮ್ಯಾಬ್‌ನಂಥ, ಅಮೈಲಾಯ್ಡ್ ತೆಗೆಯುವ ಔಷಧಿಗಳಿಂದಲೇ ಮೆದುಳಿನಲ್ಲಿ ಊತ, ರಕ್ತಸ್ರಾವ ಆಗಬಹುದು. ಆದ್ದರಿಂದ 4ಕ್ಕಿಂತ ಹೆಚ್ಚು ಮೈಕ್ರೋಬ್ಲೀಡ್ ಇದ್ದವರಿಗೆ ಸಾಮಾನ್ಯವಾಗಿ ಅವನ್ನು ಕೊಡುವುದಿಲ್ಲ.

ಮತ್ತೆ ಎಂಆರ್‌ಐ ಮಾಡಿಸುವುದಾದರೆ ಅಷ್ಟೇ ಟೆಸ್ಲಾದ (ಯಂತ್ರದ ಕಾಂತಶಕ್ತಿಯ ಅಳತೆ) ಯಂತ್ರದಲ್ಲಿ ಮಾಡಿಸಿ, ಹಳೆಯ ಸಿಡಿಯನ್ನೂ ಕೊಡಿ. 1.5ಕ್ಕಿಂತ 3 ಟೆಸ್ಲಾದಲ್ಲಿ ಚುಕ್ಕೆಗಳು ಹೆಚ್ಚು ಕಾಣುತ್ತವೆ, ಕಾಯಿಲೆ ಹೆಚ್ಚಾಯಿತೆಂದು ಸುಮ್ಮನೆ ಗಾಬರಿಯಾಗುತ್ತದೆ.