ಯೇಸು ಬೇಗ ಬರುತ್ತಾನೆ ಅಂದಮೇಲೆ ಓದು, ಕೆಲಸ, ಸಾಲ ತೀರಿಸೋದು ಎಲ್ಲಾ ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಕರ್ತನ ಎರಡನೇ ಬರೋಣ ತುಂಬಾ ಹತ್ತಿರ ಇದೆ ಅಂತ ನೀವು ನಂಬಿದ್ದೀರಿ. ಯುದ್ಧ, ಭೂಕಂಪದ ಸುದ್ದಿ ನೋಡಿದ ದಿನ ನಿದ್ದೆ ಬರುವುದಿಲ್ಲ. ಡಿಗ್ರಿ ಮುಗಿಯೋಕೆ ಇನ್ನೂ ಒಂದೂವರೆ ವರ್ಷ ಇದೆ, ಅದನ್ನು ಬಿಟ್ಟು ಪೂರ್ತಿ ಸುವಾರ್ತೆ ಸೇವೆಗೆ ಹೋಗಿಬಿಡಲಾ ಅಂತ ಕೇಳಿದ್ದೀರಿ. ಅಣ್ಣನ ಹತ್ತಿರ ತಗೊಂಡ ಸಾಲವನ್ನು ಈಗ ತೀರಿಸಿ ಏನು ಪ್ರಯೋಜನ ಅಂತಲೂ ಬರೆದಿದ್ದೀರಿ.

ನೇರವಾಗಿ ಹೇಳುತ್ತೇನೆ. ಓದು ಮುಗಿಸಿ. ಸಾಲ ತೀರಿಸಿ. ಕರ್ತ ಬರುತ್ತಾನೆ ಅಂತ ನಾನೂ ನಂಬುತ್ತೇನೆ, ಅದಕ್ಕೇ ಹೀಗೆ ಹೇಳುತ್ತಿದ್ದೇನೆ.

ನನಗೆ ಇಪ್ಪತ್ತು ವರ್ಷ ಇದ್ದಾಗ ಒಂದು ಪ್ರಾರ್ಥನಾ ಗುಂಪಿಗೆ ಹೋಗುತ್ತಿದ್ದೆ. ವಾರಕ್ಕೆ ನಾಲ್ಕು ಸಂಜೆ ಬೈಬಲ್ಲಿನಲ್ಲಿ ಅಂತ್ಯಕಾಲದ ಬಗ್ಗೆ ಹೇಳುವ ದಾನಿಯೇಲ, ಪ್ರಕಟನೆ ಪುಸ್ತಕಗಳು, ಇಷ್ಟೇ. ನನ್ನ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇತ್ತು. ಎಡಗಡೆ ವಚನ, ಬಲಗಡೆ ಪೇಪರಿನಿಂದ ಕತ್ತರಿಸಿ ಅಂಟಿಸಿದ ಸುದ್ದಿ, ಎರಡಕ್ಕೂ ಸೇರಿಸಿ ಕೆಂಪು ಪೆನ್ನಿನ ಗೆರೆ. ದಾನಿಯೇಲನ ಪುಸ್ತಕದಲ್ಲಿ ಬರುವ ಎಪ್ಪತ್ತು ವಾರಗಳ ಲೆಕ್ಕವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅದೇ ಸಮಯದಲ್ಲಿ ಅಜ್ಜಿಗೆ ಕಣ್ಣು ಮಂದವಾಗುತ್ತಾ ಬಂದಿತ್ತು. ರಾತ್ರಿ ಅವರಿಗೆ ಒಂದು ಅಧ್ಯಾಯ ಓದಿ ಹೇಳಿ, ಎರಡೂ ಕಣ್ಣಿಗೆ ಒಂದೊಂದು ಹನಿ ಔಷಧಿ ಹಾಕೋದು ಮನೆಯಲ್ಲಿ ನನಗೆ ಕೊಟ್ಟ ಕೆಲಸ. ಗುಂಪಿಗೆ ಹೋಗೋಕೆ ಶುರು ಮಾಡಿದ ಮೇಲೆ ಅದು ತಪ್ಪುತ್ತಾ ಹೋಯಿತು. ಒಂದು ರಾತ್ರಿ ಹತ್ತೂವರೆಗೆ ಮನೆಗೆ ಬಂದರೆ ಅಜ್ಜಿ ಹಾಸಿಗೆ ಮೇಲೆ ಕೂತೇ ಇದ್ದರು. ತೊಡೆಯ ಮೇಲೆ ಬೈಬಲ್ ತೆರೆದಿತ್ತು, ಆದರೆ ತಲೆಕೆಳಗಾಗಿ. ಪಕ್ಕದಲ್ಲಿ ಔಷಧಿಯ ಮುಚ್ಚಳ ಬಿಚ್ಚಿತ್ತು, ಅವರ ಕೆನ್ನೆಯೆಲ್ಲ ಒದ್ದೆ. "ಬಂದ್ಯಾ? ನಾನೇ ಹಾಕ್ಕೊಳ್ಳೋಕೆ ನೋಡಿದೆ, ಹನಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ರಾತ್ರಿ ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯವನ್ನು ಮೊದಲಿಂದ ಓದಿದೆ. ಅದರ ಮೊದಲ ಅರ್ಧ ನನಗೆ ಬಾಯಿಪಾಠ. ಯುದ್ಧ, ಕ್ಷಾಮ, ಭೂಕಂಪ, ಸುಳ್ಳು ಪ್ರವಾದಿಗಳು. ಕೊನೆಯ ಭಾಗಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಇರಲಿಲ್ಲ. ಆ ದಿನವೂ ಗಳಿಗೆಯೂ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ಯೇಸು ಹೇಳಿದ ಮೇಲೆ, ಹಾಗಾದರೆ ಎಚ್ಚರವಾಗಿರೋದು ಅಂದರೆ ಏನು ಅನ್ನೋದಕ್ಕೆ ಒಂದು ಮನೆಯ ಕಥೆ ಹೇಳುತ್ತಾನೆ. ಯಜಮಾನ ಹೊರಗೆ ಹೋಗಿದ್ದಾನೆ. ಮನೆಯವರಿಗೆ ಹೊತ್ತುಹೊತ್ತಿಗೆ ಊಟ ಕೊಡು ಅಂತ ಒಬ್ಬ ಆಳಿಗೆ ಹೇಳಿ ಹೋಗಿದ್ದಾನೆ. ಯಜಮಾನ ಬಂದಾಗ ಆ ಆಳು ಏನು ಮಾಡುತ್ತಿದ್ದರೆ ಧನ್ಯನು? ಊಟ ಬಡಿಸುತ್ತಿದ್ದರೆ. ಅಷ್ಟೇ. ಬಾಗಿಲಲ್ಲಿ ನಿಂತು ದಾರಿ ಕಾಯೋ ಕೆಲಸವನ್ನೇ ಅವನಿಗೆ ಕೊಟ್ಟಿಲ್ಲ. ನನಗೆ ಕೊಟ್ಟಿದ್ದು ಎರಡು ಹನಿ ಔಷಧಿ, ಒಂದು ಅಧ್ಯಾಯ.

ಇದು ಈ ಒಂದು ಕಡೆ ಮಾತ್ರ ಇರೋ ಮಾತಲ್ಲ. ಮೊದಲನೇ ಶತಮಾನದಲ್ಲಿ ಥೆಸಲೋನಿಕ ಪಟ್ಟಣದ ಸಭೆಯಲ್ಲಿ ನಿಮ್ಮದೇ ಸಮಸ್ಯೆ ಇತ್ತು. ಕರ್ತನ ದಿನ ಬಂದೇಬಿಟ್ಟಿದೆ ಅಂತ ಯಾರೋ ಹೇಳಿ ಜನ ಗಾಬರಿಯಾಗಿದ್ದರು, ಕೆಲವರು ಕೆಲಸ ಬಿಟ್ಟು ಸುಮ್ನೆ ತಿರುಗುತ್ತಿದ್ದರು. ಅಪೊಸ್ತಲ ಪೌಲ ಅವರಿಗೆ ಶಾಂತವಾಗಿ ಕೆಲಸ ಮಾಡಿ ನಿಮ್ಮ ಅನ್ನ ನೀವೇ ದುಡಿದು ತಿನ್ನಿ ಅಂತ ಬರೆದ. ಹೀಗೆ ಬರೆದವನು ಸ್ವತಃ ಗುಡಾರ ಮಾಡುವ ಕಸುಬಿನವನು. ಕರ್ತನ ಬರೋಣದ ಬಗ್ಗೆ ಅವನಷ್ಟು ಆಸೆಯಿಂದ ಬರೆದವರು ಕಡಿಮೆ. ಆದರೂ ಸುವಾರ್ತೆ ಸಾರುತ್ತಲೇ ತನ್ನ ಖರ್ಚಿಗೆ ಹಗಲೂ ರಾತ್ರಿ ದುಡಿದ.

ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 15ನೇ ಅಧ್ಯಾಯ ಓದಿ. ಕಡೇ ತುತೂರಿ, ಸತ್ತವರು ಏಳೋದು, ನಾವೆಲ್ಲ ಮಾರ್ಪಡೋದು, ಮೈ ಜುಮ್ಮೆನ್ನುವ ಮಾತುಗಳು. ಅದು ಮುಗಿದ ತಕ್ಷಣ 16ನೇ ಅಧ್ಯಾಯ ಹೇಗೆ ಶುರುವಾಗುತ್ತೆ ಗೊತ್ತಾ? ಯೆರೂಸಲೇಮಿನ ಬಡವರಿಗೆ ಕಳಿಸೋಕೆ ವಾರದ ಮೊದಲನೇ ದಿನ ನಿಮ್ಮ ಸಂಪಾದನೆಗೆ ತಕ್ಕಂತೆ ಸ್ವಲ್ಪ ಸ್ವಲ್ಪ ಕೂಡಿಡಿ ಅಂತ. ಅಧ್ಯಾಯಗಳ ಅಂಕಿ ಬಹಳ ಕಾಲದ ನಂತರ ಬಂದದ್ದು. ಪೌಲನ ಪತ್ರದಲ್ಲಿ ತುತೂರಿಯೂ ವಾರದ ಉಳಿತಾಯವೂ ಒಂದೇ ಉಸಿರಿನಲ್ಲಿ ಬರುತ್ತವೆ.

ನಿಮ್ಮ ಸಾಲದ ವಿಷಯಕ್ಕೂ ಹೀಗೇ. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ತೆರಿಗೆ ಕೊಡಿ, ಪ್ರೀತಿಯ ಸಾಲ ಬಿಟ್ಟು ಬೇರೆ ಯಾವ ಸಾಲವೂ ಇರಬಾರದು ಅಂತ ಹೇಳಿ, ಮೂರು ವಚನ ದಾಟುವಷ್ಟರಲ್ಲಿ ನಿದ್ದೆಯಿಂದ ಏಳುವ ಹೊತ್ತಾಯಿತು, ರಾತ್ರಿ ಬಹಳ ಮಟ್ಟಿಗೆ ಕಳೆಯಿತು ಅನ್ನುತ್ತಾನೆ. ಬೆಳಗಾಗುತ್ತಿದೆ ಅನ್ನೋದು ಅವನಿಗೆ ಸಾಲ ತೀರಿಸೋಕೆ ಇನ್ನೊಂದು ಕಾರಣ. ಕರ್ತನ ಮುಂದೆ ನಿಲ್ಲುವಾಗ ಅಣ್ಣನ ದುಡ್ಡು ನಿಮ್ಮ ಜೇಬಿನಲ್ಲಿ ಇರೋದು ಬೇಡ ಅಲ್ವಾ?

ಕರ್ತ ಬರೋ ತಾರೀಖು ಹೇಳುವವರ ಬಗ್ಗೆ ಜಾಸ್ತಿ ಬರೆಯೋಲ್ಲ, ಆದರೆ ಬಿಡೋಕೂ ಆಗೋಲ್ಲ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಬೋಧನೆ ನಂಬಿದ ಸಾವಿರಾರು ಜನ 1844ರ ಅಕ್ಟೋಬರ್ 22ಕ್ಕೆ ಕಾದು ಕೂತರು. ಕೆಲವು ರೈತರು ಹೊಲದ ಬೆಳೆಯನ್ನು ಕೊಯ್ಯದೆ ಹಾಗೇ ಬಿಟ್ಟಿದ್ದರು. ಮಾರನೇ ಬೆಳಿಗ್ಗೆ ಅವರು ಅತ್ತಿದ್ದನ್ನು ಓದಿದರೆ ನಗು ಬರೋದಿಲ್ಲ, ಹೊಟ್ಟೆ ಕಿವುಚುತ್ತೆ. ದಕ್ಷಿಣ ಕೊರಿಯಾದಲ್ಲಿ 1992ರ ಅಕ್ಟೋಬರ್ 28 ಅಂತ ಸಾರಿದ ಗುಂಪಿನ ಮುಖಂಡನ ಹತ್ತಿರ ಆ ದಿನ ಕಳೆದ ಮೇಲೆ ಅವಧಿ ಮುಗಿಯುವ ಬಾಂಡ್‌ಗಳು ಸಿಕ್ಕವು, ವಂಚನೆಗೆ ಶಿಕ್ಷೆಯೂ ಆಯಿತು. ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದರು, ಆಮೇಲೆ ಅದೇ ವರ್ಷದ ಅಕ್ಟೋಬರ್ 21 ಅಂದರು, ಮರುವರ್ಷ ತಾರೀಖು ಹೇಳಿದ್ದೇ ಪಾಪ ಅಂತ ಒಪ್ಪಿಕೊಂಡರು. ಅಷ್ಟರಲ್ಲಿ ಅವರ ಮಾತು ನಂಬಿ ಉಳಿತಾಯದ ಹಣವನ್ನೆಲ್ಲ ಜಾಹೀರಾತಿಗೆ ಸುರಿದವರು ಇದ್ದರು. ನೋವು ಕೊಡೋ ವಿಷಯ ಏನೆಂದರೆ ಇವರನ್ನು ನಂಬಿದ ಜನರಿಗೆ ಕರ್ತನ ಮೇಲಿದ್ದ ಪ್ರೀತಿ ನಿಜವಾದದ್ದು.

ಇನ್ನು ಪ್ರಕಟನೆಯಲ್ಲಿ ಹೇಳಿರೋ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಅವನ ಬರೋಣಕ್ಕೆ ಮೊದಲೋ ಆಮೇಲೋ, ಸಭೆ, ಅಂದರೆ ವಿಶ್ವಾಸಿಗಳು, ಕರ್ತನ ಹತ್ತಿರಕ್ಕೆ ಎತ್ತಲ್ಪಡೋದು ಅಂತ್ಯಕಾಲದ ಸಂಕಟಕ್ಕೆ ಮುಂಚೆಯೋ ನಂತರವೋ, ಇದರಲ್ಲಿ ದೇವಭಕ್ತರೇ ಬೇರೆ ಬೇರೆ ಅಭಿಪ್ರಾಯ ಇಟ್ಟುಕೊಂಡಿದ್ದಾರೆ. ಓದಿ, ಯೋಚಿಸಿ. ನಾಳೆ ಬೆಳಿಗ್ಗೆ ಎದ್ದು ಮಾಡಬೇಕಾದ ಕೆಲಸ ಇದರಿಂದ ಬದಲಾಗೋದಿಲ್ಲ.

ನಿದ್ದೆ ಬರದ ವಿಷಯ ನನಗೆ ಜಾಸ್ತಿ ಚಿಂತೆ ತಂದಿತು. ಯುದ್ಧದ ಸುದ್ದಿ ಕೇಳಿದಾಗ ಕಳವಳಪಡಬೇಡಿ, ಇನ್ನೂ ಅಂತ್ಯವಲ್ಲ ಅಂತ ಯೇಸುವೇ ಹೇಳಿದ್ದಾನೆ. ಪೌಲ ಥೆಸಲೋನಿಕದವರಿಗೆ ಕರ್ತನ ಬರೋಣವನ್ನು ವಿವರಿಸಿ ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಅನ್ನುತ್ತಾನೆ. ಹಾಗಾಗಿ ಒಂದು ಬೋಧನೆ ಕೇಳಿ ಬಂದ ಮೇಲೆ ನಿಮಗೆ ಬರೀ ನಡುಕ ಉಳಿಯುತ್ತಿದ್ದರೆ, ಸಮಾಧಾನವೇ ಇಲ್ಲದಿದ್ದರೆ, ಆ ಬೋಧನೆಯಲ್ಲಿ ಏನೋ ಬಿಟ್ಟುಹೋಗಿದೆ. ರಾತ್ರಿ ಆ ವಿಡಿಯೋಗಳನ್ನು ನೋಡೋದು ನಿಲ್ಲಿಸಿ. ಹಾಗೂ ನಿದ್ದೆ ವಾರಗಟ್ಟಲೆ ಕೆಟ್ಟರೆ ಡಾಕ್ಟರ್ ಹತ್ತಿರ ಹೋಗಿ, ಅದರಲ್ಲಿ ನಂಬಿಕೆಗೆ ಕೊರತೆ ಏನಿಲ್ಲ.

ಪೂರ್ತಿ ಸೇವೆಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಕರೆ ಇದ್ದರೆ ಅದು ಒಂದೂವರೆ ವರ್ಷದಲ್ಲಿ ಆರಿಹೋಗುವಂಥದ್ದಲ್ಲ. ಗಾಬರಿಯಿಂದ ಹೊರಟವರು ಗಾಬರಿ ಇಳಿದ ಮೇಲೆ ವಾಪಸ್ ಬಂದಿದ್ದನ್ನು ನೋಡಿದ್ದೇನೆ, ಆಗ ಕೈಯಲ್ಲಿ ಓದೂ ಇರೋದಿಲ್ಲ, ಮನಸ್ಸಿನಲ್ಲಿ ನಂಬಿಕೆಯೂ ಅರ್ಧ ಮುರಿದಿರುತ್ತೆ. ನಿಮ್ಮ ಸಭೆಯಲ್ಲಿ ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಇಬ್ಬರು ಹಿರಿಯರ ಹತ್ತಿರ ಮಾತಾಡಿ. ಓದುತ್ತಲೇ ವಾರಕ್ಕೆ ಒಂದು ದಿನ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೂತು ಪ್ರಾರ್ಥನೆ ಮಾಡೋದೋ, ಸಂಡೇ ಸ್ಕೂಲಿನಲ್ಲಿ ಪಾಠ ಹೇಳೋದೋ ಶುರು ಮಾಡಿ. ಒಂದು ವರ್ಷ ತಪ್ಪದೆ ಮಾಡಿ ನೋಡಿ, ಆಮೇಲೆ ನಿಮಗೇ ಗೊತ್ತಾಗುತ್ತೆ.

ನನ್ನ ಆ ನೋಟ್‌ಬುಕ್ ಇನ್ನೂ ಇದೆ. ಅರ್ಧದವರೆಗೆ ಕೆಂಪು ಗೆರೆಗಳು. ಅಲ್ಲಿಂದ ಮುಂದೆ ತಾರೀಖು, ಓದಿದ ಅಧ್ಯಾಯ, "ಎಡ, ಬಲ" ಅಂತ ಬರೆದು ಪಕ್ಕದಲ್ಲಿ ಟಿಕ್ ಗುರುತು. ಅಜ್ಜಿ ತೀರಿಕೊಂಡ ವಾರದವರೆಗೂ ಇದೆ. ಆ ಸಾಲಿನಲ್ಲಿ ನಡುವೆ ಖಾಲಿ ಬಿಟ್ಟ ದಿನಗಳು ಮೂರು.

ಈ ರಾತ್ರಿ ಅಣ್ಣನಿಗೆ ಫೋನ್ ಮಾಡಿ. ತಿಂಗಳಿಗೆ ಎಷ್ಟು ಕೊಡೋಕೆ ಆಗುತ್ತೆ ಅಂತ ಹೇಳಿ, ಚಿಕ್ಕ ಮೊತ್ತವಾದರೂ ಪರವಾಗಿಲ್ಲ, ಮೊದಲನೇ ಕಂತು ಯಾವತ್ತು ಅಂತ ಅವರಿಗೆ ಹೇಳಿಬಿಡಿ.