ವೈರಲ್ ಲೋಡ್ ಏರಿದೆ, ಮಾತ್ರೆ ಈಗಲೇ ಬೇಕಾ?

ಪುಣೆಯ ಹಡಪ್ಸರದಲ್ಲಿರುವ ನಿಮ್ಮ ತಮ್ಮನಿಗೆ ಎಚ್‌ಐವಿ ಇದೆ, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಒಂದೇ ತಿಂಗಳಲ್ಲಿ 60,000ದಿಂದ 95,000ಕ್ಕೆ ಹೋಗಿದೆ, ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆ) 430 ಇದೆ, ಆರೋಗ್ಯವಾಗಿಯೇ ಇದ್ದಾನೆ, ಮಾತ್ರೆ ಈಗಲೇ ಬೇಕಾ ಅಂತ ಕೇಳಿದ್ದೀರಿ.

ಬೇಕು ಅಕ್ಕಾ. ಈ ವಾರವೇ ಕರೆದುಕೊಂಡು ಹೋಗಿ.

ಆ ಏರಿಕೆಗೆ ಮಾತ್ರ ಗಾಬರಿಯಾಗಬೇಡಿ. ಮೂರು ಪಟ್ಟಿನೊಳಗಿನ ವ್ಯತ್ಯಾಸ ಪರೀಕ್ಷೆಯಿಂದ ಪರೀಕ್ಷೆಗೆ ಸುಮ್ನೆ ಬರುತ್ತದೆ. ನಡುವೆ ಒಂದು ಜ್ವರ ಬಂದಿದ್ದರೂ ಸಾಕು. ಆದರೆ ಎರಡೂ ಅಂಕಿ ಜಾಸ್ತಿಯೇ, ಅಲ್ವಾ? ಲೋಡ್ ಜಾಸ್ತಿ ಇದ್ದವರಲ್ಲಿ ಸಿಡಿ4 ಬೇಗ ಇಳಿಯುತ್ತದೆ, ಏಡ್ಸ್ ಹಂತವೂ ಬೇಗ ಬರುತ್ತದೆ. ಇದು 1996ರಲ್ಲೇ ಗೊತ್ತಾದ ವಿಷಯ. ಹೊರಗೆ ಏನೂ ಕಾಣದ ವರ್ಷಗಳಲ್ಲೇ ಒಳಗೆ ಹಾನಿ ನಡೆಯುತ್ತಿರುತ್ತದೆ. ಮಾತ್ರೆ ಶುರುಮಾಡಲು ಸಿಡಿ4 ಇಳಿಯಲಿ ಅಂತ ಕಾಯುವ ಪದ್ಧತಿ ನಮ್ಮ ದೇಶದಲ್ಲಿ 2017ರಿಂದ ಇಲ್ಲ.

ನಾನೂ ಪುಣೆಯವನೇ. ಇಲ್ಲಿ ಸಸೂನ್ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರ (ಎಚ್‌ಐವಿಗೆ ಚಿಕಿತ್ಸೆ ಕೊಡುವ ಕೇಂದ್ರ) ಇದೆ, ಔಷಧಿ ಉಚಿತ. ಎರಡೂ ರಿಪೋರ್ಟ್ ಜೊತೆಗಿರಲಿ. ಸಾಮಾನ್ಯವಾಗಿ ದಿನಕ್ಕೆ ಒಂದೇ ಮಾತ್ರೆ, ಅದರಲ್ಲಿ ಮೂರು ಔಷಧಿ ಸೇರಿರುತ್ತವೆ. ಅಸಿಡಿಟಿ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಕೆಲವು ಆಂಟಾಸಿಡ್ ಜೊತೆಗೆ ತಗೊಂಡರೆ ಈ ಎಚ್‌ಐವಿ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕೆಮ್ಮು, ಸಂಜೆ ಜ್ವರ ಇದ್ದರೂ ಹೇಳಲಿ, ಟಿಬಿ ನೋಡುತ್ತಾರೆ.

ಆರು ತಿಂಗಳಿಗೆ ಮತ್ತೆ ಲೋಡ್ ನೋಡುತ್ತಾರೆ. ತಪ್ಪದೆ ನುಂಗಿದರೆ ಹೆಚ್ಚಿನವರಲ್ಲಿ ಅಷ್ಟರೊಳಗೆ ಪರೀಕ್ಷೆಗೇ ಸಿಗದಷ್ಟು ಇಳಿದಿರುತ್ತದೆ. ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಹೆಂಡತಿಗೆ ಹರಡುವುದಿಲ್ಲ. ಆದರೆ ಅವರ ಪರೀಕ್ಷೆಯನ್ನು ಈಗಲೇ ಮಾಡಿಸಿ.