ಕತ್ತಿನ ರಕ್ತನಾಳ ಕಿರಿದಾಗಿದೆ, ಮಿದುಳಿಗೆ ರಕ್ತ ಸಾಲುತ್ತಿದೆಯೇ?

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಮೀನುಗಾರಿಕೆ ಬೋಟಿನಲ್ಲಿ ದುಡಿದವರು. ಸಕ್ಕರೆ ಕಾಯಿಲೆ ಇದೆ, ಬೀಡಿ ಬಿಟ್ಟಿಲ್ಲ. ಕತ್ತಿನ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಮಾಡಿಸಿದಾಗ ಬಲಗಡೆಯ ಕೆರೋಟಿಡ್ ರಕ್ತನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾಗಿದೆ ಎಂದು ವರದಿ ಬಂತು. ಕಳೆದ ವಾರ ಬಲಗಣ್ಣಿಗೆ ಪರದೆ ಇಳಿದಂತೆ ಕತ್ತಲಾಗಿ, ಐದು ನಿಮಿಷದಲ್ಲಿ ಸರಿಹೋಯಿತು. ತಲೆಗೆ ‘ಟಿಸಿಡಿ’ (ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್) ಪರೀಕ್ಷೆ ಮಾಡಿಸಬಹುದು ಎಂದಿದ್ದಾರೆ. ಸೂಜಿ ಚುಚ್ಚದೆ ಮಿದುಳಿನ ರಕ್ತಸಂಚಾರ ತಿಳಿಯುತ್ತದೆಯೇ? ಮಳೆಗಾಲ ಕಳೆದ ಮೇಲೆ ಮಾಡಿಸಿದರೆ ಸಾಕೇ? ಅಲ್ಲಿಯವರೆಗೆ ಕತ್ತಿಗೆ ಎಣ್ಣೆ ಹಚ್ಚಿ ತಿಕ್ಕಬಹುದೇ?
– ಓದುಗರು, ಮಲ್ಪೆ

ಉತ್ತರ: ಮಳೆಗಾಲ ಕಳೆಯುವವರೆಗೆ ಖಂಡಿತ ಕಾಯಬೇಡಿ. ತಂದೆಯವರನ್ನು ಇಂದೇ ನರರೋಗ ತಜ್ಞರಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಮಲ್ಪೆಯಿಂದ ಮಣಿಪಾಲ ದೂರವಲ್ಲ. ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಶೇ 70 ಎಂಬ ಅಂಕಿಗಿಂತಲೂ ಕಣ್ಣು ಕತ್ತಲಾದ ಆ ಐದು ನಿಮಿಷ. ಕಣ್ಣಿಗೆ ಹೋಗುವ ರಕ್ತನಾಳ ಅದೇ ಬದಿಯ ಕೆರೋಟಿಡ್‌ನ ಕವಲು. ಕಿರಿದಾದ ಜಾಗದಿಂದ ಕಳಚಿದ ಹೆಪ್ಪಿನ ಅಥವಾ ಕೊಬ್ಬಿನ ಚೂರೊಂದು ಆ ಕವಲಿಗೆ ಹೋಗಿ ಕರಗಿರುವ ಸಾಧ್ಯತೆ ಹೆಚ್ಚು. ಮುಂದಿನ ಚೂರು ಮಿದುಳಿಗೇ ಹೋದರೆ ಪಾರ್ಶ್ವವಾಯು. ಸರಿಹೋಯಿತಲ್ಲ ಎಂದು ಸುಮ್ಮನಿದ್ದುಬಿಡುವುದೇ ಇಲ್ಲಿನ ದೊಡ್ಡ ಅಪಾಯ.

ಇನ್ನು ಪರೀಕ್ಷೆಯ ಮಾತು. ಕತ್ತಿನ ಡಾಪ್ಲರ್ ಹೇಳುವುದು ದಾರಿ ಎಷ್ಟು ಕಿರಿದಾಗಿದೆ ಎಂದು. ಮಿದುಳಿಗೆ ರಕ್ತ ಎಷ್ಟು ತಲುಪುತ್ತಿದೆ ಎಂಬುದು ಬೇರೆಯೇ ಪ್ರಶ್ನೆ. ಮಿದುಳಿನ ಬುಡದಲ್ಲಿ ಎಡ, ಬಲ ಮತ್ತು ಹಿಂಭಾಗದ ರಕ್ತನಾಳಗಳು ಒಂದಕ್ಕೊಂದು ಕೂಡಿ ಬಳೆಯಂತಿರುತ್ತವೆ. ಶಿರಾಡಿ ಘಾಟಿ ಮುಚ್ಚಿದಾಗ ಬಸ್ಸುಗಳು ಚಾರ್ಮಾಡಿ ಹಿಡಿಯುವಂತೆ, ರಕ್ತವೂ ಇನ್ನೊಂದು ಬದಿಯಿಂದ ಸುತ್ತಿ ಬರುತ್ತದೆ. ಆದರೆ ಈ ಬಳೆ ಎಲ್ಲರಲ್ಲೂ ಪೂರ್ಣವಾಗಿರುವುದಿಲ್ಲ. ಹಾಗಾಗಿ ಒಂದೇ ಅಂಕಿಯ ವರದಿ ಹಿಡಿದ ಇಬ್ಬರ ಸ್ಥಿತಿ ಒಂದೇ ಆಗಿರಬೇಕಿಲ್ಲ.

ಟಿಸಿಡಿ ನೋಡುವುದು ಇದನ್ನೇ. ಕಿವಿಯ ಮುಂದೆ, ಕೆನ್ನೆಮೂಳೆಯ ಮೇಲೆ ತಲೆಬುರುಡೆ ತೆಳುವಾಗಿರುವ ಜಾಗದಲ್ಲಿ ಜೆಲ್ ಹಚ್ಚಿ, ಪೆನ್ನಿನಂಥ ಉಪಕರಣವನ್ನು ಒತ್ತಿಹಿಡಿಯುತ್ತಾರೆ. ಸುಮಾರು ಐದು ಸೆಂಟಿಮೀಟರ್ ಒಳಗಿನ ರಕ್ತನಾಳದ ಹರಿವು ‘ಹುಶ್, ಹುಶ್’ ಎಂದು ಕೇಳಿಸುತ್ತದೆ, ಅದರ ವೇಗ ಪರದೆಯ ಮೇಲೆ ಅಲೆಯಾಗಿ ಮೂಡುತ್ತದೆ. ಆಮೇಲೆ 30 ಸೆಕೆಂಡು ಉಸಿರು ಹಿಡಿಯಲು ಹೇಳುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳಿನ ಸಣ್ಣ ರಕ್ತನಾಳಗಳು ಹಿಗ್ಗಿ, ವೇಗ ಹೆಚ್ಚಬೇಕು. ಅಷ್ಟು ಹೊತ್ತಿನಲ್ಲಿ ಶೇ 20ರಷ್ಟೂ ಏರದಿದ್ದರೆ, ಅವು ಮೊದಲೇ ಹಿಗ್ಗಿ ಕುಳಿತಿವೆ, ಮೀಸಲು ಶಕ್ತಿ ತೀರುತ್ತಾ ಬಂದಿದೆ ಎಂದು ಅರ್ಥಮಾಡಿಕೊಳ್ಳುತ್ತೇವೆ. ತಲೆಗೆ ಪಟ್ಟಿ ಕಟ್ಟಿ ಅರ್ಧ ಗಂಟೆಯೋ ಒಂದು ಗಂಟೆಯೋ ಕಾದರೆ, ಕಳಚಿ ಹೋಗುವ ಸೂಕ್ಷ್ಮ ಚೂರುಗಳು ‘ಟಿಕ್’ ಎಂಬ ಸದ್ದಿನಿಂದ ಗೊತ್ತಾಗುತ್ತವೆ.

ಮಿತಿಗಳಿವೆ. ಟಿಸಿಡಿ ಅಳೆಯುವುದು ರಕ್ತದ ವೇಗವನ್ನು, ಪ್ರಮಾಣವನ್ನಲ್ಲ. ವಯಸ್ಸಾದ ಕೆಲವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಮೂಳೆ ದಪ್ಪವಾಗಿ ಸದ್ದೇ ಸಿಗುವುದಿಲ್ಲ. ಹಣೆಗೆ ಅಂಟಿಸಿ ಅವಗೆಂಪು ಬೆಳಕಿನಿಂದ ಆಮ್ಲಜನಕ ನೋಡುವ ಪಟ್ಟಿಯೂ ಇದೆ. ಕಿರಿದಾದ ರಕ್ತನಾಳವನ್ನು ತೆರೆದು ಒಳಗಿನ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ, ರಕ್ತ ನಿಲ್ಲಿಸಲು ಕೆರೋಟಿಡ್ಡಿಗೆ ಕ್ಲಿಪ್ ಹಾಕಿದಾಗ ಅದು ನೆರವಿಗೆ ಬರುತ್ತದೆ. ಆದರೆ ಅದಕ್ಕೆ ಹಣೆಯ ಹಿಂದಿನ ಭಾಗವಷ್ಟೇ ಕಾಣುತ್ತದೆ.

ಆದ್ದರಿಂದ ಟಿಸಿಡಿ ಮಾಡಿಸಿ, ಆದರೆ ಅದಕ್ಕಾಗಿ ಚಿಕಿತ್ಸೆ ತಡವಾಗಬಾರದು. ಲಕ್ಷಣ ಕಾಣಿಸಿಕೊಂಡ, ಶೇ 70ಕ್ಕಿಂತ ಹೆಚ್ಚು ಕಿರಿದಾದವರ ಬಗ್ಗೆ 1991ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನದಲ್ಲಿ, ಔಷಧಿ ಮಾತ್ರ ಪಡೆದವರಲ್ಲಿ ಎರಡು ವರ್ಷದೊಳಗೆ ಅದೇ ಬದಿಯ ಪಾರ್ಶ್ವವಾಯು ಶೇ 26ರಷ್ಟಿತ್ತು. ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 9. ಇಂದಿನ ಔಷಧಿಗಳು ಅಂದಿಗಿಂತ ಉತ್ತಮ, ನಿಜ. ಆದರೂ ಶಸ್ತ್ರಚಿಕಿತ್ಸೆಯ ಲಾಭ ಹೆಚ್ಚು ಸಿಗುವುದು ಲಕ್ಷಣ ಕಂಡ ಎರಡು ವಾರದೊಳಗೆ. ನಿಮ್ಮ ತಂದೆಗೆ ಅದರಲ್ಲಿ ಒಂದು ವಾರ ಕಳೆದುಹೋಗಿದೆ.

ಕತ್ತನ್ನು ತಿಕ್ಕುವುದು ಬೇಡವೇ ಬೇಡ. ಬೀಡಿ ಇಂದೇ ನಿಲ್ಲಲಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ಬಾಯಿ ಸೊಟ್ಟಗಾದರೆ, ಕೈ ಬಲ ಕುಂದಿದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ, ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು, ಮತ್ತು ವೈದ್ಯರು ಮೊದಲು ಕೇಳುವುದೇ ಆ ಸಮಯವನ್ನು.